ಟಿವಿಯ ಕೆಳಗೆ ಒಂದೇ ಪೆಟ್ಟಿಗೆ: ಪ್ಲೇಸ್ಟೇಷನ್ 5 ಎಲ್ಲಕ್ಕೂ ಸಾಕಾಗುವುದೇ?

ಪ್ರಶ್ನೆ: ಕಡಿಯಾಳಿ ಮನೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಹಾಲ್‌ನಲ್ಲಿ ಟಿವಿಯ ಕೆಳಗೆ ಹಳೆಯ ಡಿವಿಡಿ ಪ್ಲೇಯರ್, ಸೆಟ್‌ಟಾಪ್ ಬಾಕ್ಸ್ ಮತ್ತು ಒಂದು ಸ್ಟ್ರೀಮಿಂಗ್ ಸ್ಟಿಕ್ ಇವೆ. ಮಗಳು ಆಟಕ್ಕಾಗಿ ಪ್ಲೇಸ್ಟೇಷನ್ 5 ಬೇಕೆಂದು ಕೇಳುತ್ತಿದ್ದಾಳೆ. ಅಷ್ಟು ಹಣ ಕೊಟ್ಟು ತರುವುದಾದರೆ ಸಿನಿಮಾ, ಹಾಡು, ಮನೆಯ ವಿಡಿಯೊಗಳು ಎಲ್ಲವೂ ಅದರಲ್ಲೇ ನಡೆಯಲಿ, ಉಳಿದ ಪೆಟ್ಟಿಗೆಗಳನ್ನು ತೆಗೆದುಬಿಡೋಣ ಎಂಬುದು ನನ್ನ ಆಸೆ.

ನಮ್ಮಲ್ಲಿ ಡಿವಿಡಿಗಳೂ ಒಂದಿಷ್ಟು ಬ್ಲೂ-ರೇ ಡಿಸ್ಕ್‌ಗಳೂ ಇವೆ. ತಂದೆಯವರು ಕೂಡಿಟ್ಟ ದಾಸರ ಪದ ಮತ್ತು ಭಾವಗೀತೆಗಳ ಸಿಡಿಗಳಿವೆ. ಯಕ್ಷಗಾನ ಪ್ರಸಂಗಗಳ ರೆಕಾರ್ಡಿಂಗ್‌ಗಳೂ ಮದುವೆಯ ವಿಡಿಯೊಗಳೂ ಒಂದು ಹಾರ್ಡ್ ಡಿಸ್ಕ್‌ನಲ್ಲಿವೆ. ಅಮೆರಿಕದಲ್ಲಿರುವ ನಮ್ಮ ಭಾವ ಮುಂದಿನ ಬಾರಿ ಬರುವಾಗ ಕನ್ಸೋಲ್ ತಂದುಕೊಡುವುದಾಗಿ ಹೇಳಿದ್ದಾರೆ. ಅಲ್ಲಿಂದ ತರಿಸುವುದು ಸರಿಯೇ? ವಯಸ್ಸಾದ ತಂದೆ-ತಾಯಿಗೆ ಅದನ್ನು ಬಳಸಲು ಸಾಧ್ಯವಾಗುವುದೇ?

ಉತ್ತರ: ಬೆಳ್ಳಿತೆರೆ

ನಿಮ್ಮ ಆಲೋಚನೆ ಹೊಸದಲ್ಲ, ಅಸಾಧ್ಯವೂ ಅಲ್ಲ. 2000ದಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಪ್ಲೇಸ್ಟೇಷನ್ 2 ಎಷ್ಟೋ ಮನೆಗಳಿಗೆ ಮೊದಲ ಡಿವಿಡಿ ಪ್ಲೇಯರ್ ಆಗಿಯೇ ಬಂದಿತು. 2006ರ ಪ್ಲೇಸ್ಟೇಷನ್ 3 ಇನ್ನೂ ಮುಂದೆ ಹೋಯಿತು: ಅದರ ಪ್ರತಿಯೊಂದು ಯಂತ್ರದಲ್ಲೂ ಬ್ಲೂ-ರೇ ಡ್ರೈವ್ ಇದ್ದುದು, ತೋಶಿಬಾ 2008ರ ಫೆಬ್ರುವರಿಯಲ್ಲಿ ಬ್ಲೂ-ರೇಗೆ ಪ್ರತಿಸ್ಪರ್ಧಿಯಾಗಿದ್ದ ತನ್ನ ಎಚ್‌ಡಿ ಡಿವಿಡಿಯನ್ನು ಕೈಬಿಡಲು ಕಾರಣವಾದ ಸಂಗತಿಗಳಲ್ಲಿ ಒಂದು. ಮುಂದೆ ತಂತ್ರಾಂಶದ ಅಪ್‌ಡೇಟ್ ಮೂಲಕವೇ ಅದಕ್ಕೆ 3ಡಿ ಬ್ಲೂ-ರೇ ತೋರಿಸುವ ಶಕ್ತಿಯೂ ಬಂದಿತು. ಹಾಲ್‌ನ ಮಾಧ್ಯಮ ಕೇಂದ್ರವೆಂಬ ಹೆಸರಿಗೆ ನಿಜವಾಗಿ ಅರ್ಹವಾದ ಕನ್ಸೋಲ್ ಅದು ಎಂದೇ ನಾನು ಈಗಲೂ ನಂಬಿದ್ದೇನೆ.

ಪ್ಲೇಸ್ಟೇಷನ್ 5 ಆ ಮಟ್ಟದ್ದಲ್ಲ. ಡಿಸ್ಕ್ ಡ್ರೈವ್ ಇರುವ ಮಾದರಿ ಡಿವಿಡಿ, ಬ್ಲೂ-ರೇ, 4ಕೆ ಬ್ಲೂ-ರೇ ಮೂರನ್ನೂ ಚೆನ್ನಾಗಿ ತೋರಿಸುತ್ತದೆ. ಆದರೆ ಸಿಡಿಯನ್ನು ಅದು ಓದುವುದೇ ಇಲ್ಲ. ಆದ್ದರಿಂದ ನಿಮ್ಮ ತಂದೆಯವರ ದಾಸರ ಪದಗಳು ಅದರಲ್ಲಿ ಕೇಳಿಸುವುದಿಲ್ಲ. ಹಳೆಯ ಡಿವಿಡಿ ಪ್ಲೇಯರನ್ನು ದಯವಿಟ್ಟು ಗುಜರಿಗೆ ಹಾಕಬೇಡಿ. ಆ ಸಿಡಿಗಳನ್ನು ಕಂಪ್ಯೂಟರಿನಲ್ಲಿ ಧ್ವನಿಯ ಗುಣಮಟ್ಟ ಕುಂದದ ಫ್ಲ್ಯಾಕ್ ಫೈಲ್‌ಗಳಾಗಿ ಮಾಡಿಟ್ಟುಕೊಂಡರೆ ಇನ್ನೂ ಒಳ್ಳೆಯದು, ಏಕೆಂದರೆ ಅಂತಹ ಧ್ವನಿಮುದ್ರಿಕೆಗಳಲ್ಲಿ ಕೆಲವು ಮತ್ತೆ ಎಲ್ಲಿಯೂ ಸಿಗಲಾರವು.

ಅಮೆರಿಕದಿಂದ ತರಿಸುವ ಮೊದಲು ವಲಯ ಸಂಕೇತವನ್ನು, ಅಂದರೆ ಯಾವ ದೇಶಗಳ ಡಿಸ್ಕ್ ಯಾವ ಯಂತ್ರದಲ್ಲಿ ನಡೆಯುತ್ತದೆ ಎಂಬ ಗುರುತನ್ನು, ಗಮನಿಸಿ. ಅಲ್ಲಿನ ಯಂತ್ರ ಬ್ಲೂ-ರೇಗೆ ಎ ವಲಯ, ಡಿವಿಡಿಗೆ 1ನೆಯ ವಲಯ. ಭಾರತದ್ದು ಸಿ ಮತ್ತು 5. ನಮ್ಮಲ್ಲಿ ಬಂದ ಅನೇಕ ಭಾರತೀಯ ಚಿತ್ರಗಳ ಡಿವಿಡಿಗಳಿಗೆ ವಲಯದ ಕಟ್ಟುಪಾಡಿರಲಿಲ್ಲ, 4ಕೆ ಬ್ಲೂ-ರೇಗಳಿಗೂ ಇಲ್ಲ. ಆದರೆ ಸಿ ವಲಯಕ್ಕೆ ಮಾತ್ರ ಮೀಸಲಾದ ಬ್ಲೂ-ರೇ ನಿಮ್ಮಲ್ಲಿದ್ದರೆ ಅದು ಅಲ್ಲಿನ ಯಂತ್ರದಲ್ಲಿ ನಡೆಯದು. ಇಲ್ಲಿಯೇ ಕೊಳ್ಳಿ ಎಂದು ನಾನು ಹೇಳುತ್ತೇನೆ.

ಉತ್ತರ: ಮುಕ್ತ ತಂತ್ರಾಂಶ

ಡಿಸ್ಕ್‌ಗಳ ವಿಷಯದಲ್ಲಿ ಬೆಳ್ಳಿತೆರೆಯವರ ಮಾತನ್ನು ಒಪ್ಪುತ್ತೇನೆ. ಆದರೆ ಮಾಧ್ಯಮ ಕೇಂದ್ರವೆಂದರೆ ನನ್ನ ದೃಷ್ಟಿಯಲ್ಲಿ ನಮ್ಮದೇ ಫೈಲ್‌ಗಳನ್ನು ನಮಗೆ ಬೇಕಾದಂತೆ ಜೋಡಿಸಿ ನೋಡಲು ಬಿಡುವ ಯಂತ್ರ. ಇಂದು ಲಕ್ಷಾಂತರ ಮಂದಿ ಬಳಸುವ ಕೋಡಿ ಎಂಬ ತಂತ್ರಾಂಶ ಹುಟ್ಟಿದ್ದು ಮೈಕ್ರೋಸಾಫ್ಟ್‌ನ ಮೊದಲ ಕನ್ಸೋಲ್ ಆದ ಎಕ್ಸ್‌ಬಾಕ್ಸ್‌ನಲ್ಲಿ. ಕೇವಲ 64 ಮೆಗಾಬೈಟ್ ಮೆಮೊರಿಯ ಆ ಯಂತ್ರದ ಬೀಗ ಮುರಿದು, ಹವ್ಯಾಸಿ ಪ್ರೋಗ್ರಾಮರ್‌ಗಳು ಅದರಲ್ಲಿ ಎಕ್ಸ್‌ಬಿಎಂಸಿ ಕಟ್ಟಿದರು; 2014ರಲ್ಲಿ ಅದಕ್ಕೆ ಕೋಡಿ ಎಂದು ಹೆಸರಿಟ್ಟರು. ಮನೆಯ ಕಂಪ್ಯೂಟರಿನ ಫೈಲ್‌ಗಳನ್ನು ಬೇರೆ ಯಂತ್ರಗಳಲ್ಲಿ ತೋರಿಸುವ ಪ್ಲೆಕ್ಸ್ ಕೂಡ ಆ ಮೂಲದಿಂದಲೇ ಕವಲೊಡೆದದ್ದು. ಕನ್ಸೋಲಿನ ಕಂಪನಿ ಮಾಡಿಕೊಡದ ಕೆಲಸವನ್ನು ಬಳಕೆದಾರರೇ ಮಾಡಿಕೊಂಡರು ಎಂಬುದು ನನಗೆ ಬಹಳ ಹೆಮ್ಮೆಯ ಸಂಗತಿ.

ಆದರೆ ಕಂಪನಿಗಳು ಕೊಟ್ಟದ್ದು ಉಳಿಯುವುದಿಲ್ಲ. 2013ರ ಎಕ್ಸ್‌ಬಾಕ್ಸ್ ಒನ್‌ನಲ್ಲಿ ಸೆಟ್‌ಟಾಪ್ ಬಾಕ್ಸನ್ನು ಜೋಡಿಸಲು ಎಚ್‌ಡಿಎಂಐ ಒಳಬಾಗಿಲು ಇತ್ತು. 2020ರ ಸೀರೀಸ್ ಎಕ್ಸ್‌ನಲ್ಲಿ ಅದಿಲ್ಲ. ಮನೆಯ ಜಾಲದಲ್ಲಿರುವ ವಿಡಿಯೊಗಳನ್ನು ಡಿಎಲ್‌ಎನ್‌ಎ ಎಂಬ ವ್ಯವಸ್ಥೆಯ ಮೂಲಕ ನೋಡುವ ಸೌಕರ್ಯ ಪ್ಲೇಸ್ಟೇಷನ್ 3ರಲ್ಲಿತ್ತು, 5ರಲ್ಲಿ ಇಲ್ಲ. ಸೋನಿ ತನ್ನ ಅಂಗಡಿಯಲ್ಲಿ ಚಲನಚಿತ್ರಗಳ ಮಾರಾಟವನ್ನು 2021ರ ಆಗಸ್ಟ್‌ನಲ್ಲಿ ನಿಲ್ಲಿಸಿತು. ಅದರ ಮರುವರ್ಷ ಜರ್ಮನಿ ಮತ್ತು ಆಸ್ಟ್ರಿಯಾದಲ್ಲಿ, ಜನರು ಹಣ ಕೊಟ್ಟು ಕೊಂಡಿದ್ದ ಸ್ಟುಡಿಯೊಕನಾಲ್ ಎಂಬ ಚಿತ್ರಸಂಸ್ಥೆಯ ಚಿತ್ರಗಳೇ ಅವರ ಸಂಗ್ರಹದಿಂದ ಮಾಯವಾದವು. ಇದು ಅನ್ಯಾಯ, ಇದನ್ನು ಮೆತ್ತಗೆ ಹೇಳುವ ಅಗತ್ಯವಿಲ್ಲ.

ನಿಮ್ಮ ಹಾರ್ಡ್ ಡಿಸ್ಕನ್ನು ಮನೆಯ ಯಾವುದಾದರೂ ಕಂಪ್ಯೂಟರಿಗೆ ಜೋಡಿಸಿ, ಅದರಲ್ಲಿ ಪ್ಲೆಕ್ಸ್ ಸರ್ವರ್ ಹಾಕಿದರೆ ಪ್ಲೇಸ್ಟೇಷನ್‌ನ ಪ್ಲೆಕ್ಸ್ ಆ್ಯಪ್‌ನಲ್ಲಿ ಯಕ್ಷಗಾನವನ್ನು ನೋಡಬಹುದು. ಎಕ್ಸ್‌ಬಾಕ್ಸ್ ಆಗಿದ್ದರೆ ಕೋಡಿ, ವಿಎಲ್‌ಸಿ ಎರಡೂ ಅದರ ಅಂಗಡಿಯಲ್ಲೇ ಸಿಗುತ್ತವೆ. ಹಾರ್ಡ್ ಡಿಸ್ಕ್‌ನ ಇನ್ನೊಂದು ಪ್ರತಿಯನ್ನು ಮಾತ್ರ ಮೊದಲು ಮಾಡಿಕೊಳ್ಳಿ.

ಕಡಿಯಾಳಿ ಮನೆ

ಇಬ್ಬರಿಗೂ ಧನ್ಯವಾದಗಳು. ಸಿಡಿಯ ವಿಷಯ ಅಂಗಡಿಯವರು ಹೇಳಿರಲಿಲ್ಲ. ಕನ್ಸೋಲನ್ನು ಇಲ್ಲಿಯೇ ಕೊಳ್ಳುತ್ತೇವೆ, ಡಿವಿಡಿ ಪ್ಲೇಯರನ್ನೂ ಉಳಿಸಿಕೊಳ್ಳುತ್ತೇವೆ. ಆದರೆ ಸ್ಟಿಕ್ಕನ್ನಾದರೂ ತೆಗೆಯಬಹುದೇ? ಯೂಟ್ಯೂಬ್, ನೆಟ್‌ಫ್ಲಿಕ್ಸ್, ಪ್ರೈಮ್ ವಿಡಿಯೊ ಕನ್ಸೋಲಿನಲ್ಲೂ ಇವೆಯಲ್ಲವೇ?

ಉತ್ತರ: ಚೌಕಟ್ಟು

ಇವೆ, ಆದರೂ ಸ್ಟಿಕ್ಕನ್ನು ತೆಗೆಯಬೇಡಿ ಎಂಬುದೇ ನನ್ನ ಸಲಹೆ. ಮೊದಲನೆಯದಾಗಿ ರಿಮೋಟ್. ಆಟದ ಕಂಟ್ರೋಲರ್ ಸ್ವಲ್ಪ ಹೊತ್ತಿನಲ್ಲೇ ತಾನಾಗಿ ಆರಿಹೋಗುತ್ತದೆ, ಆಗಾಗ ಚಾರ್ಜ್ ಮಾಡಬೇಕು, ಹಿರಿಯರ ಕೈಗೆ ಅದು ಹೊಂದುವುದಿಲ್ಲ. ಪ್ಲೇಸ್ಟೇಷನ್ 5ರಲ್ಲಿ ಇನ್‌ಫ್ರಾರೆಡ್ ಗ್ರಾಹಕವಿಲ್ಲದ ಕಾರಣ ಸಾಮಾನ್ಯ ಯೂನಿವರ್ಸಲ್ ರಿಮೋಟ್ ಕೆಲಸ ಮಾಡದು. ಸೋನಿಯದೇ ಮೀಡಿಯಾ ರಿಮೋಟನ್ನು ಬೇರೆ ಕೊಳ್ಳಬೇಕು. ಕನ್ನಡದ ಕಾರ್ಯಕ್ರಮಗಳಿಗೆ ನೀವು ನೆಚ್ಚಿರುವ ಆ್ಯಪ್‌ಗಳು ಕನ್ಸೋಲಿನ ಅಂಗಡಿಯಲ್ಲಿವೆಯೇ ಎಂಬುದನ್ನೂ ಮೊದಲೇ ನೋಡಿಕೊಳ್ಳಿ.

ಎರಡನೆಯದು ಚಿತ್ರದ ಚಲನೆ, ನನಗೆ ಬಹಳ ಮುಖ್ಯವೆನಿಸುವ ಅಂಶ. ಸಿನಿಮಾ ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ ಚಿತ್ರಿತವಾಗಿರುತ್ತದೆ. ಯಂತ್ರ 60 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 60 ಬಾರಿ, ಚಿತ್ರ ಕಳಿಸಿದರೆ ಒಂದು ಚೌಕಟ್ಟು ಎರಡು ಬಾರಿ, ಮುಂದಿನದು ಮೂರು ಬಾರಿ ಮೂಡಬೇಕಾಗುತ್ತದೆ; ಹೀಗಾಗಿ ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ಹೊರಳುವ ದೃಶ್ಯಗಳಲ್ಲಿ ಸಣ್ಣ ತಡವರಿಕೆ ಕಾಣುತ್ತದೆ. ಪ್ಲೇಸ್ಟೇಷನ್ 5 ಬ್ಲೂ-ರೇಗೆ 24 ಹರ್ಟ್ಸ್ ಕೊಡಬಲ್ಲದು, ಆದರೆ ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ ಸಾಮಾನ್ಯವಾಗಿ 60ರಲ್ಲೇ ಇರುತ್ತದೆ. ಬೆಳಕು-ಬಣ್ಣಗಳನ್ನು ಇನ್ನಷ್ಟು ಚೆನ್ನಾಗಿ ತೋರಿಸುವ ಡಾಲ್ಬಿ ವಿಷನ್ ಕೂಡ ಅದರಲ್ಲಿಲ್ಲ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನಲ್ಲಿ 24 ಹರ್ಟ್ಸ್‌ಗೆ ಅನುಮತಿ ಕೊಡುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲೇ ಇದೆ.

ವಿದ್ಯುತ್ತಿನ ಲೆಕ್ಕ ಚಿಕ್ಕದು: ಕನ್ಸೋಲ್ 60 ವ್ಯಾಟ್‌ನಂತೆ ದಿನಕ್ಕೆ ನಾಲ್ಕು ಗಂಟೆ ನಡೆದರೆ ತಿಂಗಳಿಗೆ ಸುಮಾರು 7 ಯೂನಿಟ್. ಸ್ಟಿಕ್‌ಗೆ ಕೆಲವೇ ವ್ಯಾಟ್ ಸಾಕು. ಬಿಲ್ಲಿಗಿಂತ ನಿಮಗೆ ಮುಖ್ಯವಾಗುವುದು ಶಾಖ. ಕರಾವಳಿಯ ಸೆಕೆಯಲ್ಲಿ ಕನ್ಸೋಲನ್ನು ಬಾಗಿಲಿರುವ ಶೋಕೇಸಿನೊಳಗೆ ಇಡದೆ, ಹಿಂಬದಿಗೆ ಗಾಳಿಯಾಡುವಂತೆ ತೆರೆದ ಜಾಗದಲ್ಲಿಡಿ. ಟಿವಿಯ ಒಂದು ಎಚ್‌ಡಿಎಂಐ ಪೋರ್ಟಿಗೆ ಕನ್ಸೋಲ್, ಇನ್ನೊಂದಕ್ಕೆ ಸ್ಟಿಕ್ ಜೋಡಿಸಿ, ಎರಡರಲ್ಲೂ ಎಚ್‌ಡಿಎಂಐ ಸಿಇಸಿ ಎಂಬ ಸೌಕರ್ಯವನ್ನು ಚಾಲೂ ಮಾಡಿದರೆ, ಯಾವುದನ್ನು ಆನ್ ಮಾಡುತ್ತೀರೋ ಟಿವಿ ತಾನಾಗಿ ಅದಕ್ಕೇ ತಿರುಗುತ್ತದೆ; ತಂದೆ-ತಾಯಿ ಇನ್‌ಪುಟ್ ಹುಡುಕುವ ತೊಂದರೆ ತಪ್ಪುತ್ತದೆ. ಪ್ಲೇಸ್ಟೇಷನ್‌ನ ಸೆಟ್ಟಿಂಗ್ಸ್‌ನಲ್ಲಿ ಅದರ ಹೆಸರು ಎಚ್‌ಡಿಎಂಐ ಡಿವೈಸ್ ಲಿಂಕ್.