ಸಹಾಯ ಬೇಕು: ಯಾರ ಮನೆಯಲ್ಲಾದರೂ ರತ್ನಗಂಧಿ ಹೂ ಇದೆಯಾ?

ಮಗಳು ಶಾಲೆಗೆ ಬಾರ್ಬಡೋಸ್ ಚಾರ್ಟ್ ಮಾಡುತ್ತಿದ್ದಾಳೆ. ಆ ದ್ವೀಪ 2021ರ ನವೆಂಬರ್ 30ರಂದು ಗಣರಾಜ್ಯವಾಯಿತು, ಸಾಂಡ್ರಾ ಮೇಸನ್ ಮೊದಲ ಅಧ್ಯಕ್ಷೆ. ಬಾವುಟ ಬರೆದಾಯಿತು. ನೀಲಿ, ಹಳದಿ, ನೀಲಿ ಪಟ್ಟಿ, ನಡುವೆ ಹಿಡಿ ಮುರಿದ ಕಪ್ಪು ತ್ರಿಶೂಲ. ಬ್ರಿಟಿಷರ ಆಳ್ವಿಕೆ ಕಳಚಿಕೊಂಡ ಗುರುತು ಅದು.

ಲಾಂಛನದ ಹತ್ತಿರ ಬಂದು ನಿಂತಿದ್ದೇವೆ. ಆಲದ ಜಾತಿಯ ಬಿಳಲಿನ ಮರ, ಮೇಲೆ ಎರಡು ಕಬ್ಬಿನ ಜಲ್ಲೆ ಹಿಡಿದ ಮುಷ್ಟಿ. ಜೊತೆಗೆ ಅವರ ರಾಷ್ಟ್ರೀಯ ಹೂ. ನೋಡಿದರೆ ನಮ್ಮ ರತ್ನಗಂಧಿಯೇ ಅಲ್ವಾ! ಕೆಂಪು ಎಸಳು, ಹಳದಿ ಅಂಚು, ಉದ್ದ ಕೇಸರ. ಎಷ್ಟು ಖುಷಿಯಾಯಿತು ಗೊತ್ತಾ? ಅವಳಿಗೆ ನಿಜವಾದ ಹೂ ನೋಡಿಯೇ ಬರೆಯಬೇಕಂತೆ. ಜಯನಗರದ ಸುತ್ತಮುತ್ತ ಯಾರ ಬಳಿಯಾದರೂ ಇದ್ದರೆ ಶುಕ್ರವಾರದೊಳಗೆ ಒಂದು ಗೊಂಚಲು ಕೊಡ್ತೀರಾ? ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.