ಜರ್ಮನಿಯಲ್ಲಿ ಒಂದು ಸೆಮಿಸ್ಟರ್: ಕೋಣೆ ಬಾಡಿಗೆ, ಅಡ್ವಾನ್ಸ್ ಮತ್ತು ತಿಂಗಳ ಖರ್ಚಿನ ಬಗ್ಗೆ ಸಲಹೆ ಬೇಕು

ಪ್ರಶ್ನೆ – ವಿದ್ಯಾರ್ಥಿನಿ, ತುಮಕೂರು

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೂರನೆಯ ವರ್ಷ ಓದುತ್ತಿದ್ದೇನೆ. 2026ರ ಅಕ್ಟೋಬರ್‌ನಿಂದ 2027ರ ಮಾರ್ಚ್‌ವರೆಗೆ, ಒಂದು ಸೆಮಿಸ್ಟರ್ ಮಟ್ಟಿಗೆ, ವಿನಿಮಯ ವಿದ್ಯಾರ್ಥಿನಿಯಾಗಿ ಜರ್ಮನಿಗೆ ಹೋಗುವ ಅವಕಾಶ ದೊರೆತಿದೆ. ಮ್ಯೂನಿಕ್ ಅಥವಾ ಕೆಮ್ನಿಟ್ಸ್, ಈ ಎರಡು ಊರುಗಳಲ್ಲಿ ಒಂದನ್ನು ನಾನೇ ಆರಿಸಿಕೊಳ್ಳಬೇಕು. ಬೋಧನಾ ಶುಲ್ಕವನ್ನು ಎಂದಿನಂತೆ ಇಲ್ಲಿನ ಕಾಲೇಜಿಗೆ ಕಟ್ಟಿದರೆ ಸಾಕು. ವಾಸ, ಊಟ, ಪ್ರಯಾಣದ ಖರ್ಚು ಮಾತ್ರ ನಮ್ಮದು.

ನಮ್ಮ ತಂದೆಯವರು ತುರುವೇಕೆರೆ ಕಡೆಯ ತೆಂಗಿನ ಬೆಳೆಗಾರರು. ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ಮಾರಿದಾಗ ಬರುವ ಹಣವೇ ಮನೆಯ ಆದಾಯ, ಅದೂ ವರ್ಷದಲ್ಲಿ ಒಂದೆರಡು ಬಾರಿ ಮಾತ್ರ. ವಿಮಾನದ ಟಿಕೆಟ್ ಸೇರಿದಂತೆ ಏಳು ಲಕ್ಷ ರೂಪಾಯಿಗಳವರೆಗೆ ಹೊಂದಿಸಬಹುದೆಂದು ತಂದೆಯವರು ಹೇಳಿದ್ದಾರೆ. ತಮ್ಮನ ಓದೂ ಮುಂದಿರುವುದರಿಂದ ಅದಕ್ಕಿಂತ ಹೆಚ್ಚು ಕೇಳಲು ನನಗೆ ಮನಸ್ಸಿಲ್ಲ. ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ಇಂತಿಷ್ಟೇ ಹಣ ಕೈಗೆ ಸಿಗುವ ಖಾತೆ) ತಿಂಗಳಿಗೆ 992 ಯೂರೋ ಲೆಕ್ಕದಲ್ಲಿ ಹಣ ಇಡಬೇಕೆಂದು ತಿಳಿಯಿತು. ಆ 992 ಯೂರೋದಲ್ಲಿ ನಿಜವಾಗಿಯೂ ತಿಂಗಳು ಕಳೆಯಬಹುದೇ? ವಿದ್ಯಾರ್ಥಿ ನಿಲಯ ಒಳ್ಳೆಯದೋ, ನಾಲ್ಕಾರು ಜನ ಹಂಚಿಕೊಂಡಿರುವ ಮನೆಯಲ್ಲಿ ಒಂದು ಕೋಣೆ ಒಳ್ಳೆಯದೋ?

ಇನ್ನೊಂದು ವಿಷಯ. ಅಂತರ್ಜಾಲದಲ್ಲಿ ಜಾಹೀರಾತು ನೋಡಿ ಒಬ್ಬರನ್ನು ಸಂಪರ್ಕಿಸಿದೆ. ತಾವು ಸದ್ಯ ಲಂಡನ್‌ನಲ್ಲಿರುವುದಾಗಿಯೂ, ಎರಡು ತಿಂಗಳ ಬಾಡಿಗೆ ಮತ್ತು ಅಡ್ವಾನ್ಸ್ ಸೇರಿ 900 ಯೂರೋ ಕಳುಹಿಸಿದರೆ ಕೀಲಿಯನ್ನು ಕೊರಿಯರ್ ಮಾಡುವುದಾಗಿಯೂ ತಿಳಿಸಿ, ನಂಬಿಕೆಗೆಂದು ತಮ್ಮ ಪಾಸ್‌ಪೋರ್ಟಿನ ಪ್ರತಿಯನ್ನೂ ಕಳುಹಿಸಿದ್ದಾರೆ. ಕೋಣೆಯ ಚಿತ್ರಗಳು ಬಹಳ ಚೆನ್ನಾಗಿವೆ. ಕಳುಹಿಸಬಹುದೇ?

ಉತ್ತರ – ಹಿಂದೆ ಡ್ರೆಸ್ಡೆನ್‌ನಲ್ಲಿ ಒಂದು ಸೆಮಿಸ್ಟರ್ ಓದಿದವನು, ಕೋಲಾರ

ಮೊದಲು ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರಿಸುತ್ತೇನೆ, ತಂಗಿ. ಒಂದು ರೂಪಾಯಿಯನ್ನೂ ಕಳುಹಿಸಬೇಡಿ. ಮಾಲೀಕರು ಪರದೇಶದಲ್ಲಿರುವುದು, ಕೀಲಿ ಅಂಚೆಯಲ್ಲಿ ಬರುವುದು, ಪಾಸ್‌ಪೋರ್ಟಿನ ಪ್ರತಿ ತಾನಾಗಿಯೇ ಬರುವುದು, ಇವೆಲ್ಲ ಒಂದೇ ಬಗೆಯ ವಂಚನೆಯ ಗುರುತುಗಳು. ಆ ಪಾಸ್‌ಪೋರ್ಟ್ ಹೆಚ್ಚಾಗಿ ಹಿಂದೆ ಹೀಗೆಯೇ ಮೋಸಹೋದ ಇನ್ನೊಬ್ಬರದಾಗಿರುತ್ತದೆ. ಆದ್ದರಿಂದ ನಿಮ್ಮ ಪಾಸ್‌ಪೋರ್ಟಿನ ಪ್ರತಿಯನ್ನೂ ಅವರಿಗೆ ಕೊಡಬೇಡಿ. ಕೋಣೆಯನ್ನು ನೀವಾಗಲಿ, ನಿಮ್ಮ ಪರವಾಗಿ ನಂಬಿಕಸ್ಥರೊಬ್ಬರಾಗಲಿ ಕಣ್ಣಾರೆ ನೋಡುವ ಮೊದಲು ಖಾಸಗಿ ಮಾಲೀಕರಿಗೆ ಹಣ ಹಾಕಬಾರದು. ವಿದ್ಯಾರ್ಥಿ ನಿಲಯಗಳನ್ನು ನಡೆಸುವ ಷ್ಟುಡೀರೆಂಡೆನ್‌ವೆರ್ಕ್ ಎಂಬ ಸಂಸ್ಥೆ ಮಾತ್ರ ಇದಕ್ಕೆ ಹೊರತು. ಆಯಾ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ಕಚೇರಿಯ ಮೂಲಕ ಬಂದ ಕರಾರುಪತ್ರಕ್ಕೆ ಹಣ ಕಟ್ಟಲು ಭಯಪಡಬೇಕಾಗಿಲ್ಲ.

ಇನ್ನು ಊರಿನ ಆಯ್ಕೆ. ಮ್ಯೂನಿಕ್ ಜರ್ಮನಿಯಲ್ಲೇ ಅತಿ ದುಬಾರಿ ಊರು. ಹಂಚಿಕೆಯ ಮನೆಯಲ್ಲಿ ಒಂದು ಕೋಣೆಗೇ 700ರಿಂದ 800 ಯೂರೋ ಕೇಳುತ್ತಾರೆ, ಅಲ್ಲಿನ ವಿದ್ಯಾರ್ಥಿ ನಿಲಯಗಳ ಕಾಯುವ ಪಟ್ಟಿಯೂ ಉದ್ದ. ಕೆಮ್ನಿಟ್ಸ್‌ನಲ್ಲಿ ಸುಮಾರು 300 ಯೂರೋಗೆ ನಿಲಯದ ಕೋಣೆ ದೊರೆಯುತ್ತದೆ. ಓದಿಗೆ ಸಂಬಂಧಿಸಿದ ಬಲವಾದ ಕಾರಣವಿಲ್ಲದಿದ್ದರೆ ಏಳು ಲಕ್ಷದ ಮಿತಿಯೊಳಗೆ ಮ್ಯೂನಿಕ್‌ನ ಯೋಚನೆ ಮಾಡಬೇಡಿ ಎಂದೇ ನನ್ನ ಸಲಹೆ. ವಿನಿಮಯದ ಪ್ರವೇಶ ಖಚಿತವಾದ ದಿನವೇ ನಿಲಯಕ್ಕೆ ಅರ್ಜಿ ಹಾಕಿ, ವೀಸಾ ಬರಲೆಂದು ಕಾಯಬೇಡಿ.

ತಿಂಗಳ ಖರ್ಚನ್ನು ಕೆಮ್ನಿಟ್ಸ್‌ನ ಮಟ್ಟಿಗೆ ಹೀಗೆ ಅಂದಾಜು ಮಾಡಬಹುದು. ಬಾಡಿಗೆ 300, ಕಡ್ಡಾಯವಾದ ವಿದ್ಯಾರ್ಥಿ ಆರೋಗ್ಯ ವಿಮೆ 140ರಿಂದ 150, ಸ್ವತಃ ಅಡುಗೆ ಮಾಡಿಕೊಂಡು ಮಧ್ಯಾಹ್ನ ವಿಶ್ವವಿದ್ಯಾಲಯದ ಕ್ಯಾಂಟೀನಾದ ಮೆನ್ಸಾದಲ್ಲಿ ಉಂಡರೆ ಊಟಕ್ಕೆ 200, ಮೊಬೈಲಿಗೆ 10–12, ರೇಡಿಯೋ–ಟಿವಿ ಶುಲ್ಕ 18.36, ಇತರೆ 80. ಒಟ್ಟು 755ರ ಆಸುಪಾಸಿನಲ್ಲಿ ನಿಲ್ಲುತ್ತದೆ. ನಮ್ಮ ಬಳಿ ಟಿವಿಯೇ ಇಲ್ಲದಿರುವಾಗ ಆ ಶುಲ್ಕವೇಕೆ ಎಂದು ಬಹಳ ಜನ ಪತ್ರವನ್ನು ಕಸದ ಬುಟ್ಟಿಗೆ ಹಾಕಿ, ಆಮೇಲೆ ದಂಡ ಸಹಿತ ಕಟ್ಟುತ್ತಾರೆ. ಅದು ಟಿವಿಗೆ ವಿಧಿಸುವ ಶುಲ್ಕವಲ್ಲ, ವಾಸದ ಮನೆಗೆ ಒಂದರಂತೆ ವಿಧಿಸುವ ಶುಲ್ಕ. ನಾಲ್ವರು ಹಂಚಿಕೊಂಡ ಮನೆಯಾದರೆ ಒಂದೇ ಶುಲ್ಕವನ್ನು ನಾಲ್ವರೂ ಹಂಚಿಕೊಳ್ಳಬಹುದು. ಬಸ್ಸು, ರೈಲಿನ ಪಾಸು ಅನೇಕ ಕಡೆ ಅಲ್ಲಿನ ವಿಶ್ವವಿದ್ಯಾಲಯಕ್ಕೆ ಕಟ್ಟುವ ಸೆಮಿಸ್ಟರ್ ಶುಲ್ಕದಲ್ಲೇ (ಇದು ಬೋಧನಾ ಶುಲ್ಕವಲ್ಲ) ಸೇರಿರುತ್ತದೆ. ಸೇರಿಲ್ಲದಿದ್ದರೆ ದೇಶದಾದ್ಯಂತ ನಡೆಯುವ ಮಾಸಿಕ ಪಾಸಿಗೆ 2026ರ ದರ 63 ಯೂರೋ.

ಹೀಗಾಗಿ 992 ಸಾಕಾಗುತ್ತದೆ. ಆದರೆ ನಿಜವಾದ ಕಷ್ಟ ತಿಂಗಳ ಸರಾಸರಿಯಲ್ಲಿಲ್ಲ, ಮೊದಲ ಆರು ವಾರಗಳಲ್ಲಿದೆ. ಇದನ್ನು ನನಗೆ ಯಾರೂ ಮುಂಚಿತವಾಗಿ ಹೇಳಿರಲಿಲ್ಲ, ಅದಕ್ಕಾಗಿಯೇ ವಿಸ್ತಾರವಾಗಿ ಬರೆಯುತ್ತಿದ್ದೇನೆ. ಬ್ಲಾಕ್ಡ್ ಅಕೌಂಟಿನ ಹಣ ನಿಮ್ಮದೇ ಆದರೂ ಇಳಿದ ದಿನ ಅದು ನಿಮ್ಮ ಕೈಗೆ ಸಿಗುವುದಿಲ್ಲ. ಅಲ್ಲಿ ವಾಸದ ನೋಂದಣಿ ಆಗಬೇಕು, ಸಾಮಾನ್ಯ ಬ್ಯಾಂಕ್ ಖಾತೆ ತೆರೆಯಬೇಕು, ಆಮೇಲೆ ತಿಂಗಳಿಗೊಮ್ಮೆ 992 ಮಾತ್ರ ಆ ಖಾತೆಗೆ ಬರುತ್ತದೆ. ಖರ್ಚುಗಳಾದರೋ ಅಷ್ಟೂ ದಿನ ಕಾಯುವುದಿಲ್ಲ. ನಿಲಯದ ಅಡ್ವಾನ್ಸ್ 400 ಎಂದುಕೊಳ್ಳಿ, ಮೊದಲ ಬಾಡಿಗೆ 300, ಸೆಮಿಸ್ಟರ್ ಶುಲ್ಕ 270, ಹಾಸಿಗೆ ಹೊದಿಕೆ ಪಾತ್ರೆಗಳಿಗೆ 150, ಊಟಕ್ಕೆ 200, ವಿಮೆಗೆ 145. ಕೂಡಿದರೆ 1,465 ಆಯಿತು. ಬ್ಲಾಕ್ಡ್ ಅಕೌಂಟಿನ ಹೊರತಾಗಿ 1,500 ಯೂರೋ ಕೈಯಲ್ಲಿರಲೇಬೇಕು. ನನ್ನ ಬಳಿ 600 ಇತ್ತು. ಮೂರು ವಾರ ಜೊತೆಯ ವಿದ್ಯಾರ್ಥಿಯೊಬ್ಬನಿಂದ ಸಾಲ ಪಡೆದು ದಿನ ದೂಡಿದೆ. ಆ ದಿನಗಳಲ್ಲಿ ತರಗತಿಯಲ್ಲಿ ಕೇಳಿದ್ದು ಒಂದೂ ತಲೆಗೆ ಹೋಗಲಿಲ್ಲ.

ಜಾಹೀರಾತುಗಳಲ್ಲಿ ಕಾಲ್ಟ್‌ಮೀಟೆ, ವಾರ್ಮ್‌ಮೀಟೆ ಎಂಬ ಎರಡು ಪದಗಳನ್ನು ಕಾಣುತ್ತೀರಿ. ಮೊದಲನೆಯದು ಬರಿಯ ಬಾಡಿಗೆ, ಎರಡನೆಯದು ನೀರು, ಕೋಣೆ ಬಿಸಿಮಾಡುವ ವೆಚ್ಚ ಇತ್ಯಾದಿ ಸೇರಿದ ಬಾಡಿಗೆ. ಚಳಿಗಾಲಕ್ಕೇ ಹೋಗುತ್ತಿರುವ ನೀವು ಎರಡನೆಯದನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ. ನಮ್ಮಲ್ಲಿ ಅಡ್ವಾನ್ಸ್ ಎನ್ನುವುದನ್ನು ಅಲ್ಲಿ ಕೌಟ್ಸಿಯೋನ್ ಎನ್ನುತ್ತಾರೆ. ಕಾನೂನಿನ ಪ್ರಕಾರ ಅದು ಮೂರು ತಿಂಗಳ ಬರಿಯ ಬಾಡಿಗೆಯನ್ನು ಮೀರುವಂತಿಲ್ಲ. ಮನೆಗೆ ಸೇರಿದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮಾಲೀಕರ ದೃಢೀಕರಣ ಪತ್ರ ಬೇಕು. ಕೋಣೆ ಕೊಡುತ್ತೇನೆ, ಆದರೆ ನೋಂದಣಿ ಮಾಡಿಸುವಂತಿಲ್ಲ ಎನ್ನುವವರ ಮನೆ ಎಷ್ಟೇ ಅಗ್ಗವಾಗಿದ್ದರೂ ಬೇಡ. ನೋಂದಣಿಯಿಲ್ಲದೆ ಮುಂದಿನ ಯಾವ ಕೆಲಸವೂ ಸಾಗುವುದಿಲ್ಲ.

ಉತ್ತರ – ತಾಯಿಯೊಬ್ಬರು, ಚಿಕ್ಕಬಳ್ಳಾಪುರ

ನನ್ನ ಮಗಳೂ ಹೀಗೆಯೇ ಲೈಪ್ಜಿಗ್‌ನಲ್ಲಿ ಆರು ತಿಂಗಳು ಇದ್ದು ಬಂದಳು ಕಣಮ್ಮ. ಹಣದ ವಿವರವನ್ನು ಮೇಲಿನವರು ಚೆನ್ನಾಗಿ ತಿಳಿಸಿದ್ದಾರೆ, ನಾನು ಅಡುಗೆಯ ಬಗ್ಗೆ ಎರಡು ಮಾತು ಸೇರಿಸುತ್ತೇನೆ.

ಹಾಲಿನ ಪದಾರ್ಥಗಳನ್ನೂ ಮಾಂಸದ ಪದಾರ್ಥಗಳನ್ನೂ ಪ್ರಯಾಣಿಕರು ಹೊರಗಿನಿಂದ ಯುರೋಪಿಯನ್ ಒಕ್ಕೂಟದೊಳಕ್ಕೆ ಒಯ್ಯುವಂತಿಲ್ಲ. ಅಮ್ಮ ಪ್ರೀತಿಯಿಂದ ಕಾಯಿಸಿ ಕೊಡುವ ತುಪ್ಪ, ಹಾಲಿನ ಸಿಹಿತಿಂಡಿ ಇವೆಲ್ಲ ವಿಮಾನ ನಿಲ್ದಾಣದಲ್ಲೇ ಉಳಿದುಬಿಡುತ್ತವೆ. ಅದರ ಬದಲು ರಾಗಿ ಹಿಟ್ಟು, ಸಾರಿನ ಪುಡಿ, ಹುರಿಗಡಲೆ ಚಟ್ನಿಪುಡಿ, ಹುಣಸೆಹಣ್ಣು ಇಟ್ಟುಕೊಳ್ಳಿ. ಅಕ್ಕಿ, ಬೇಳೆ, ಮೊಸರು, ಬೆಣ್ಣೆ ಅಲ್ಲಿಯೇ ಸಿಗುತ್ತವೆ. ಬೆಣ್ಣೆ ತಂದು ಕಾಯಿಸಿ ತುಪ್ಪ ಮಾಡಿಕೊಳ್ಳುವುದನ್ನು ನನ್ನ ಮಗಳು ಅಲ್ಲಿಯೇ ಕಲಿತಳು. ನಲ್ಲಿಯ ನೀರನ್ನು ಹಾಗೆಯೇ ಕುಡಿಯಬಹುದಾದ್ದರಿಂದ ನೀರಿನ ಬಾಟಲಿಗೆ ಹಣ ಹಾಕಬೇಡಿ. ಒಮ್ಮೆ ಮಾತ್ರ ಬಳಸುವ ಬಗೆಯ ಪಾನೀಯದ ಪ್ಲಾಸ್ಟಿಕ್ ಬಾಟಲಿ ಕೊಂಡರೆ ಒಂದೊಂದಕ್ಕೆ 25 ಸೆಂಟ್ ಠೇವಣಿ ಸೇರಿರುತ್ತದೆ, ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ ಅದು ಮರಳಿ ಬರುತ್ತದೆ.

ಒಗ್ಗರಣೆ ಹಾಕುವಾಗ ಕಿಟಕಿ ತೆರೆದು, ಕೋಣೆಯ ಬಾಗಿಲು ಮುಚ್ಚಿರಬೇಕು. ಮಲಗುವ ಕೋಣೆಗಳಲ್ಲಿ ಹೊಗೆಯ ಅಲಾರಂ ಇರುತ್ತದೆ. ಒಣಮೆಣಸಿನಕಾಯಿಯ ಘಾಟಿಗೆ ಅದು ಕೂಗಿ, ಅಗ್ನಿಶಾಮಕ ವಾಹನ ಬಂದರೆ ಅದರ ವೆಚ್ಚ ಯಾರ ಮೇಲೆ ಬೀಳುತ್ತದೆಂಬ ಚಿಂತೆ ಬೇರೆ.

ಹೊರಡುವ ದಿನಾಂಕವನ್ನೂ ಯೋಚಿಸಿ ಗೊತ್ತುಮಾಡಿ. ಭಾನುವಾರ ಅಲ್ಲಿ ಅಂಗಡಿಗಳು ತೆರೆಯುವುದಿಲ್ಲ, ರಜಾದಿನಗಳಲ್ಲೂ ಇಲ್ಲ. ಅಕ್ಟೋಬರ್ 3 ಅವರ ರಾಷ್ಟ್ರೀಯ ರಜೆ, 2026ರಲ್ಲಿ ಅದು ಶನಿವಾರ ಬಂದಿದೆ. ಶುಕ್ರವಾರ ರಾತ್ರಿ ಇಳಿದರೆ ಸೋಮವಾರದವರೆಗೆ ಅಕ್ಕಿಯೂ ಇಲ್ಲ, ಹಾಲೂ ಇಲ್ಲ. ಒಂದೆರಡು ದಿನದ ತಿಂಡಿಯನ್ನು ಕೈಚೀಲದಲ್ಲೇ ಇಟ್ಟುಕೊಂಡಿರಿ ಮಗಳೇ.

ಉತ್ತರ – ನಿವೃತ್ತ ಬ್ಯಾಂಕ್ ಅಧಿಕಾರಿ, ತುಮಕೂರು

ಕೋಲಾರದ ಯುವಕರು ಕೊಟ್ಟ ಲೆಕ್ಕವನ್ನು ನಮ್ಮ ರೂಪಾಯಿಗೆ ತಂದು ನೋಡೋಣ. ಎಣಿಕೆಯ ಅನುಕೂಲಕ್ಕಾಗಿ ಯೂರೋಗೆ ನೂರು ರೂಪಾಯಿ ಎಂದಿಟ್ಟುಕೊಂಡರೆ, ಆರು ತಿಂಗಳ 5,952 ಯೂರೋಗೆ ಸುಮಾರು ಆರು ಲಕ್ಷ, ಕೈಯಲ್ಲಿರಬೇಕಾದ 1,500ಕ್ಕೆ ಒಂದೂವರೆ ಲಕ್ಷ, ಟಿಕೆಟ್ ಮತ್ತು ವೀಸಾಕ್ಕೆ ಮುಕ್ಕಾಲು ಲಕ್ಷಕ್ಕೂ ಮೇಲೆ. ಎಂದರೆ ಹೊರಡುವ ಹೊತ್ತಿಗೆ ಎಂಟೂಕಾಲು ಲಕ್ಷದಷ್ಟು ಹೊಂದಿಸಬೇಕು. ನಿಮ್ಮ ಏಳು ಲಕ್ಷಕ್ಕೆ ಒಂದೂಕಾಲು ಲಕ್ಷ ಕಡಿಮೆ. ಆದರೆ ಗಾಬರಿಯಾಗಬೇಡಿ. ತಿಂಗಳಿಗೆ 755ರಲ್ಲಿ ಬಾಳಿದರೆ 237 ಯೂರೋ ಉಳಿಯುತ್ತದೆ, ಆರು ತಿಂಗಳಿಗೆ ಅದು 1,422 ಆಗುತ್ತದೆ, ಜೊತೆಗೆ ಅಡ್ವಾನ್ಸ್ ಕೂಡ ಹಿಂದಿರುಗುತ್ತದೆ. ಆದ್ದರಿಂದ ನಿಮಗೆ ಬೇಕಾಗಿರುವುದು ಕೆಲವು ತಿಂಗಳ ಮಟ್ಟಿನ ಸಣ್ಣ ಸಾಲ ಮಾತ್ರ. ಅಷ್ಟಕ್ಕಾಗಿ ತೋಟವನ್ನು ಅಡವಿಡುವ ಮಾತನ್ನು ಮನೆಯಲ್ಲಿ ಯಾರೂ ಆಡದಿರಲಿ.

ಶಿಕ್ಷಣ ಸಾಲವನ್ನು ವಿದ್ಯಾಲಕ್ಷ್ಮಿ ಎಂಬ ಸರ್ಕಾರಿ ಪೋರ್ಟಲಿನ ಮೂಲಕ ಕೇಳಬಹುದು. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ ನಾಲ್ಕು ಲಕ್ಷದವರೆಗೆ ಮಾರ್ಜಿನ್ ಹಣ, ಎಂದರೆ ನಾವೇ ಹಾಕಬೇಕಾದ ಪಾಲು, ಕೇಳುವುದಿಲ್ಲ. ಆದರೆ ಒಂದು ಸೆಮಿಸ್ಟರ್‌ನ ವಿನಿಮಯಕ್ಕೆ ಸಾಲ ಕೊಡುವುದು ಶಾಖೆಯ ವಿವೇಚನೆಗೆ ಸೇರಿದ್ದು, ಕಾಗದಪತ್ರಕ್ಕೆ ಸಮಯವೂ ಹಿಡಿಯುತ್ತದೆ. ಇಷ್ಟು ಸಣ್ಣ ಮೊತ್ತ, ಇಷ್ಟು ಕಡಿಮೆ ಅವಧಿಗೆ ಬ್ಯಾಂಕಿನ ಚಿನ್ನದ ಸಾಲವೇ ಸರಳ. ಕೊಬ್ಬರಿಯ ಹಣ ಬಂದಾಗ ತೀರಿಸಿ ಒಡವೆ ಬಿಡಿಸಿಕೊಳ್ಳಬಹುದು. ಕೈಸಾಲಕ್ಕೆ ಮಾತ್ರ ಹೋಗಬೇಡಿ.

ಹಣ ಕಳುಹಿಸುವಾಗ ತಂದೆಯವರ ಪ್ಯಾನ್ ಕಾರ್ಡ್ ಬೇಕು. ಒಂದು ಆರ್ಥಿಕ ವರ್ಷದಲ್ಲಿ ಹತ್ತು ಲಕ್ಷ ದಾಟದಿದ್ದರೆ ಬ್ಯಾಂಕು ಟಿಸಿಎಸ್ (ಹಣ ಕಳುಹಿಸುವಾಗಲೇ ವಸೂಲು ಮಾಡುವ ತೆರಿಗೆ) ಹಿಡಿಯುವುದಿಲ್ಲ, ನಿಮ್ಮ ಮೊತ್ತ ಅದರೊಳಗೇ ಇದೆ. ಅಲ್ಲಿ ಎಟಿಎಂ ಅಥವಾ ಅಂಗಡಿಯ ಯಂತ್ರ ‘ರೂಪಾಯಿಯಲ್ಲಿ ಕಡಿತ ಮಾಡಲೇ’ ಎಂದು ಕೇಳಿದರೆ ಯೂರೋವನ್ನೇ ಒತ್ತಿ. ರೂಪಾಯಿ ಒತ್ತಿದರೆ ಆ ಯಂತ್ರದವರು ಹೇಳಿದ ಕೆಟ್ಟ ದರಕ್ಕೆ ಸಿಕ್ಕಿಬೀಳುತ್ತೀರಿ. 992 ಎಂಬುದು 2024ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ದರ. ಹಣ ಹಾಕುವ ವಾರದಲ್ಲಿ ಬೆಂಗಳೂರಿನ ಜರ್ಮನ್ ದೂತಾವಾಸದ ಪುಟವನ್ನು ಮತ್ತೊಮ್ಮೆ ನೋಡಿ ದೃಢಪಡಿಸಿಕೊಳ್ಳಿ.

ಮರುಪ್ರಶ್ನೆ – ವಿದ್ಯಾರ್ಥಿನಿ, ತುಮಕೂರು

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಲಂಡನ್‌ನಲ್ಲಿರುವೆ ಎಂದವರಿಗೆ ಹಣ ಕಳುಹಿಸಲಿಲ್ಲ. ಅಂದು ಸಂಜೆಯೊಳಗೆ ಹಾಕದಿದ್ದರೆ ಕೋಣೆ ಬೇರೆಯವರಿಗೆ ಹೋಗುತ್ತದೆ ಎಂದು ಅವರು ಬರೆದಾಗಲೇ ನನಗೆ ಎಲ್ಲವೂ ಸ್ಪಷ್ಟವಾಯಿತು. ಈ ಉತ್ತರಗಳನ್ನು ತಂದೆಯವರಿಗೆ ಓದಿ ಹೇಳಿದೆ. ಕೆಮ್ನಿಟ್ಸ್ ಎಂದು ತೀರ್ಮಾನಿಸಿ ನಿಲಯಕ್ಕೆ ಅರ್ಜಿ ಹಾಕಿದ್ದೇನೆ. ಚಿನ್ನದ ಸಾಲದ ವಿಷಯವನ್ನು ಅಮ್ಮನೇ ಮೊದಲು ಒಪ್ಪಿದರು. ಒಂದು ಸಂದೇಹ ಉಳಿದಿದೆ. ನಾನು ಊರಿಗೆ ಮರಳಿದ ಮೇಲೆ ಅಡ್ವಾನ್ಸ್ ಹಣ ನನ್ನ ಕೈ ಸೇರುವುದು ಹೇಗೆ?

ಉತ್ತರ – ಕೋಲಾರ

ಇದನ್ನು ಹೋಗುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ನಾನು ಹೊರಡುವ ಹಿಂದಿನ ದಿನ ಅಲ್ಲಿನ ಬ್ಯಾಂಕ್ ಖಾತೆಯನ್ನು ಮುಚ್ಚಿಸಿಬಿಟ್ಟೆ. ಅಡ್ವಾನ್ಸ್ ಆ ಖಾತೆಗೇ ಬಂದು ತಿರುಗಿ ಹೋಯಿತು. ಪತ್ರ ವ್ಯವಹಾರ ಮಾಡಿ ಕೋಲಾರದ ಖಾತೆಗೆ ತರಿಸಿಕೊಳ್ಳಲು ನಾಲ್ಕು ತಿಂಗಳು ಹಿಡಿಯಿತು. ಅಡ್ವಾನ್ಸ್ ಕೀಲಿ ಒಪ್ಪಿಸಿದ ದಿನವೇ ಮರಳುವುದಿಲ್ಲ, ಕೆಲವು ವಾರಗಳಿಂದ ಕೆಲವು ತಿಂಗಳವರೆಗೆ ಆಗಬಹುದು. ಅಷ್ಟು ದಿನ ಖಾತೆಯನ್ನು ತೆರೆದೇ ಇಡಿ, ಅಥವಾ ಇಲ್ಲಿನ ಖಾತೆಗೇ ಹಾಕುವಂತೆ ಲಿಖಿತವಾಗಿ ಕೇಳಿ.

ಕೋಣೆಗೆ ಕಾಲಿಟ್ಟ ದಿನವೇ ಗೋಡೆ, ನೆಲ, ಹಾಸಿಗೆ, ಕಿಟಕಿಯ ಅಂಚುಗಳ ಚಿತ್ರ ತೆಗೆದುಕೊಳ್ಳಿ, ಮೊದಲೇ ಇದ್ದ ಕಲೆ, ಬಿರುಕುಗಳನ್ನು ಹಸ್ತಾಂತರದ ಪತ್ರದಲ್ಲಿ ಬರೆಸಿ. ಚಳಿಗೆ ಹೆದರಿ ಕಿಟಕಿ ಮುಚ್ಚಿಯೇ ಇಟ್ಟು ಒಳಗೆ ಬಟ್ಟೆ ಒಣಗಿಸಿದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ, ಅದರ ಖರ್ಚನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳುತ್ತಾರೆ. ದಿನಕ್ಕೆ ಎರಡು ಮೂರು ಬಾರಿ ಐದು ನಿಮಿಷ ಕಿಟಕಿಯನ್ನು ಪೂರ್ತಿ ತೆರೆಯಬೇಕು.

ಪಾಠಗಳು ಫೆಬ್ರವರಿ ನಡುವಿಗೆ ಮುಗಿದರೂ ನಿಲಯದ ಕರಾರು ಮಾರ್ಚ್ ಕೊನೆಯವರೆಗೆ ಇರುತ್ತದೆ, ಮೊದಲೇ ಹೊರಟರೂ ಬಾಡಿಗೆ ತಪ್ಪುವುದಿಲ್ಲ. ಮರಳುವ ಟಿಕೆಟ್ ಕೊಳ್ಳುವ ಮೊದಲು ಕೀಲಿ ಒಪ್ಪಿಸುವ ದಿನವನ್ನು ನಿಲಯದವರೊಡನೆ ಗೊತ್ತುಮಾಡಿಕೊಳ್ಳಿ, ಅದು ಕೆಲಸದ ದಿನವೇ ಆಗಿರಬೇಕು. ನಗರ ಕಚೇರಿಯಲ್ಲಿ ವಿಳಾಸ ತೆಗೆಸಿದ ಪತ್ರದ ಪ್ರತಿಯೊಂದನ್ನು ರೇಡಿಯೋ–ಟಿವಿ ಶುಲ್ಕದವರಿಗೂ ಕಳುಹಿಸಿ, ಇಲ್ಲವಾದರೆ ನೀವು ತುಮಕೂರಿನಲ್ಲಿರುವಾಗಲೂ ಅವರ ಲೆಕ್ಕ ಓಡುತ್ತಲೇ ಇರುತ್ತದೆ.