ನಲವತ್ತು ವರ್ಷ ಒಬ್ಬನೇ ಮೇಯರ್: ನಮ್ಮ ಕಲಬುರಗಿಗೆ ಇಂಥವ ಬೇಕಾ, ಬ್ಯಾಡಾ?

ಗಂಜ್ ಗೌಡ: ಅಮೆರಿಕಾದ ಸೌತ್ ಕೆರೊಲಿನಾದಾಗ ಚಾರ್ಲ್ಸ್‌ಟನ್ ಅಂತ ಒಂದು ಊರು. ಅಲ್ಲಿ ಜೋಸೆಫ್ ರೈಲಿ ಅನ್ನಾವ 1975ರ ಡಿಸೆಂಬರ್‌ದಾಗ ಮೇಯರ್ ಆಗಿ 2016ರ ಜನವರಿಗೆ ಕುರ್ಚಿ ಬಿಟ್ಟ. ಹತ್ತು ಅವಧಿ, ಎಲ್ಲಾ ನೇರ ಓಟಿಂದ. ಅವ ಬಂದಾಗ ಹಳೇ ಪೇಟಿ ಬಿಕೋ ಅನ್ನಲತ್ತಿತ್ತು. 1986ಕ್ಕ ನಡು ಪೇಟ್ಯಾಗ ಚಾರ್ಲ್ಸ್‌ಟನ್ ಪ್ಲೇಸ್ ಹೋಟೆಲ್ ತೆಗಿಸ್ದ, 1990ಕ್ಕ ಹೊಳಿ ದಂಡಿಗೆ ವಾಟರ್‌ಫ್ರಂಟ್ ಪಾರ್ಕ್ ಮಾಡ್ದ. ನಮ್ಮಲ್ಲಿ ಮೇಯರ್ ಹೆಸರು ಬಾಯಿಗೆ ಬರೋದ್ರಾಗ ವರ್ಷ ಮುಗೀತದ. ಐದು ವರ್ಷ ಒಬ್ಬರಿಗೇ ಕೊಟ್ರ ಊರು ಸುಧಾರಸ್ತದೋ ಇಲ್ಲೋ, ಹೇಳ್ರಿ.

ಕಾಯ್ದೆ ಕಾಕಾ: ಪ್ರಶ್ನೆಯೇ ತಪ್ಪು. 1976ರ ಪಾಲಿಕೆ ಕಾಯ್ದೆಯಲ್ಲಿ ಮೇಯರ್ ಅವಧಿ ಒಂದು ವರ್ಷ, ಮೀಸಲಾತಿ ಸರದಿ ಬೇರೆ. ಆದರೆ ರೋಗ ಅವಧಿಯಲ್ಲಿಲ್ಲ, ಕಡತದಲ್ಲಿದೆ. ಕಾರ್ಯಾಂಗದ ಅಧಿಕಾರ ಆಯುಕ್ತರದು, ಆಯುಕ್ತರನ್ನು ಕಳಿಸುವುದೂ ಎತ್ತಂಗಡಿ ಮಾಡುವುದೂ ಸರ್ಕಾರ. ಮೇಯರ್ ಸಭೆ ನಡೆಸಬಹುದು, ಠರಾವು ಮಾಡಿಸಬಹುದು. ಚಾರ್ಲ್ಸ್‌ಟನ್ನಿನಲ್ಲಿ ಮೇಯರೇ ಆಡಳಿತದ ಮುಖ್ಯಸ್ಥ, ಹನ್ನೆರಡು ಸದಸ್ಯರ ಜೊತೆ ಕೌನ್ಸಿಲ್‌ನಲ್ಲಿ ಅವನದೂ ಒಂದು ಮತ. ನಮ್ಮ ಮೇಯರ್‌ಗೆ ನಲವತ್ತು ವರ್ಷ ಕೊಟ್ಟರೂ ಗೂಟದ ಕಾರೇ ಗತಿ.

ಯಾದಗಿರಿ ಹುಡುಗ: "ಅವಧಿಯಲ್ಲಿಲ್ಲ" ಅಂದ್ರಲ್ಲ, ಬರೋಬ್ಬರಿ ಅದ ಕಾಕಾ. ನಗರಸಭೆ ಅಧ್ಯಕ್ಷರಿಗೆ 30 ತಿಂಗಳು ಅದ. ಎರಡೂವರೆ ಪಟ್ಟು ಜಾಸ್ತಿ. ಯಾದಗಿರಿಗೆ ಏನು ಕಡಿದು ಗುಡ್ಡಿ ಹಾಕ್ಯಾರ ತೋರಸ್ರಿ.

ಗಂಜ್ ಗೌಡ: ಅಧ್ಯಕ್ಷ ಬ್ಯಾರೆ, ಮೇಯರ್ ಬ್ಯಾರೆ ತಮ್ಮಾ. ಜೋಳಕ್ಕ ತೊಗರಿ ತೂಗಬ್ಯಾಡ.

ಯಾದಗಿರಿ ಹುಡುಗ: ಅಮೆರಿಕಾದ ಮೇಯರ್‌ಗೆ ಕಲಬುರಗಿ ಮೇಯರ್ ತೂಗಿದಾವ್ರು ನೀವು!

ಬೀದರ್ ಕ್ವಾಟಿ: "ಬಿಕೋ ಅನ್ನಲತ್ತಿತ್ತು" ಅಂದ್ರಿ. ಆಮ್ಯಾಲ ಯಾರಿಗಿ ತುಂಬ್ತು ಅದನ್ನೂ ಬರೀರಿ. ಆ ಹಳೇ ಊರಾಗ 1980ರಲ್ಲಿ ಕಪ್ಪು ಜನರೇ ಹೆಚ್ಚಿದ್ರು, 2010ಕ್ಕ ಕಡಿಮಿ ಆದ್ರು. ಬಾಡಿಗಿ ಏರ್ತು, ಬಡವರು ಹೊರಗ ಬಿದ್ರು. ಪೇಟಿ ಚಂದ ಮಾಡಾದು ದೊಡ್ಡ ಮಾತಲ್ಲ.

ಗಂಜ್ ಗೌಡ: ಕಪ್ಪು ಜನರ ಮಾತು ತೆಗದ್ರಿ ಛಲೋ ಆಯ್ತು. 2000ದಾಗ ರಾಜ್ಯದ ವಿಧಾನಸೌಧದ ಮ್ಯಾಲಿನ ಕಾನ್ಫೆಡರೇಟ್ ಬಾವುಟ (ಗುಲಾಮಗಿರಿ ಉಳಿಸಲಿಕ್ಕ ಯುದ್ಧ ಮಾಡಿದ ದಕ್ಷಿಣ ರಾಜ್ಯಗಳ ಬಾವುಟ) ಇಳಿಸ್ರಿ ಅಂತ ಚಾರ್ಲ್ಸ್‌ಟನ್‌ನಿಂದ ರಾಜ್ಯದ ರಾಜಧಾನಿ ಕೊಲಂಬಿಯಾ ತನಕ ಪಾದಯಾತ್ರಿ ಮಾಡಿದವ ಅವನೇ. ಆಫ್ರಿಕನ್ ಅಮೆರಿಕನ್ ಮ್ಯೂಸಿಯಂ ಬೆನ್ನು ಹತ್ತಿದವ್ನೂ ಅವನೇ, 2023ಕ್ಕ ತೆರೀತು. ಬಡವರ ಸರ್ಕಾರಿ ಮನಿ ಒಂದೇ ಕಡಿ ಗುಂಪು ಹಾಕದ ಓಣಿ ಓಣ್ಯಾಗ ಚದುರಿಸಿ ಕಟ್ಟಿಸ್ದ.

ಬೀದರ್ ಕ್ವಾಟಿ: ಪಾದಯಾತ್ರಿ ಮಾಡಿದ್ರ ಬಾಡಿಗಿ ಇಳೀತದಾ?

ಸೂಪರ್ ಮಾರ್ಕೆಟ್ ಅಕ್ಕ: ಇಷ್ಟೆಲ್ಲ ಹೊಗಳ್ಲತ್ತೀರಿ. 1984ರಲ್ಲೇ ಚರಂಡಿ ಮಾಸ್ಟರ್ ಪ್ಲಾನ್ ಮಾಡಿಕೊಂಡ ಊರು ಅದು. ಅವ ಕುರ್ಚಿ ಬಿಡೋ ಹೊತ್ತಿಗೂ ಹೆದ್ದಾರಿ 17ರ ಕೆಳಗಿನ ಸುರಂಗ ಗಟಾರ ಮುಗಿದಿರ್ಲಿಲ್ಲ. ನಲವತ್ತು ವರ್ಷ ಆದ್ರೂ ಮಳಿ ಬಂದ್ರ ಅದೇ ರಸ್ತೆ ಮೇಲೆ ನೀರು.

ಗಂಜ್ ಗೌಡ: ಅಕ್ಕಾ, ಅದು ಸಮುದ್ರದ ಊರು. ಉಬ್ಬರ ಬಂದಾಗ ಗಟಾರದ ಬಾಯಿ ಸಮುದ್ರದ ನೀರಿಗಿಂತ ಕೆಳಗ ಬೀಳ್ತದ, ನೀರು ಹೊರಗ ಹೋಗೋ ಬದಲಿ ಒಳಗೇ ಬರ್ತದ. ಹಳೇ ಊರಿನ ಬಹಳಷ್ಟು ಜಾಗ ಹಳ್ಳ, ಜೌಗು ತುಂಬಿಸಿ ಮಾಡಿದ್ದು. ಅದಕ್ಕೇ ಸುಮಾರು 140 ಅಡಿ ಆಳಕ್ಕ ಸುರಂಗ ಕೊರದು, ಅಲ್ಲಿಂದ ಪಂಪ್ ಹಚ್ಚಿ ಎತ್ತಬೇಕಾಯ್ತು. ನಮಗ ಉಬ್ಬರ ಇಲ್ಲ, ಇಳಿಜಾರು ಅದ. ನಮ್ಮಲ್ಲಿ ನೀರು ನಿಂದರೋದು ಗಟಾರದ ಮ್ಯಾಲ ಮುಚ್ಚೋ ಫರ್ಸಿ ಕಲ್ಲಿನಿಂದ.

ಫರ್ಸಿ ಪ್ರೇಮಿ: ಏನ್ರೀ, ಎಲ್ಲಾ ಬಿಟ್ಟು ಶಹಾಬಾದ ಫರ್ಸಿ ಮ್ಯಾಲ ಬಂದ್ರಿ? ನೂರಾರು ವರ್ಷದಿಂದ ಈ ಸೀಮೆಯ ಗಟಾರ ಮುಚ್ಚಿದ್ದು ಫರ್ಸಿನೇ.

ಗಂಜ್ ಗೌಡ: ಕಲ್ಲಿನ ತಪ್ಪಲ್ಲ, ಹಾಕೋದ್ರಾಗ ತಪ್ಪು. ಗಟಾರದ ಮ್ಯಾಲ ಫರ್ಸಿ ಸಡ್ಲ ಇಡಬೇಕು, ಎತ್ತಲಿಕ್ಕ ತೂತು ಬಿಡಬೇಕು. ಅಂಗಡ್ಯಾವ ಏನ್ ಮಾಡ್ತಾನ? ಸಂದಿಗೆಲ್ಲಾ ಸಿಮೆಂಟ್ ಬಡ್ದು, ಅದರ ಮ್ಯಾಲ ಗಾಡಿ ಹತ್ತಲಿಕ್ಕ ರ‍್ಯಾಂಪ್ ಕಟ್ತಾನ. ಆಚಿ ಒಂದು ಬಾಯಿ, ಈಚಿ ಒಂದು ಬಾಯಿ, ನಡುವಿನ ಹತ್ತು ಅಂಗಡಿ ಉದ್ದಕ್ಕೂ ಹೂಳು ತೆಗಿಯೋರಿಗಿ ಕೈ ಹೋಗಲ್ಲ.

ಫರ್ಸಿ ಪ್ರೇಮಿ: "ಕಲ್ಲಿನ ತಪ್ಪಲ್ಲ" ಅಂತ ಒಪ್ಪಿದ್ರಲ್ಲ, ಮುಗೀತು.

ಎರಿಮಣ್ಣು: ಎಲ್ಲಿ ಮುಗೀತು? ನಿಜವಾದ ಕಾರಣ ಇಬ್ಬರೂ ಹೇಳಲಿಲ್ಲ. ನಮ್ಮದು ಎರಿ ನೆಲ, ಅಂದ್ರ ಕರಿ ಮಣ್ಣು. ಮಳಿಗೆ ಉಬ್ಬತದ, ಬ್ಯಾಸಿಗಿಗೆ ಕೈ ಹೋಗುವಷ್ಟು ಸೀಳತದ. ಪೈಪಿನ ಕೆಳಗ ಎರಿಮಣ್ಣು ಕೆತ್ತಿ ತೆಗದು ಮುರುಮ್, ಉಸುಕು ಹಾಕಿ, ನೀರು ಹೊಡದು ಗಟ್ಟಿ ಮಾಡಬೇಕು. ಗುತ್ತಿಗೆದಾರ ಹಸಿ ಎರಿ ಮ್ಯಾಲೇ ಪೈಪ್ ಮಲಗಸ್ತಾನ. ಎರಡು ಬ್ಯಾಸಿಗಿಗೆ ಜೋಡಣಿ ಬಿಡ್ತದ, ಮಣ್ಣು ಒಳಗ ಬರ್ತದ, ಒಂದು ಕಡಿ ಪೈಪ್ ಕುಸಿದು ಹೊಟ್ಟಿ ಬೀಳ್ತದ. ಅಲ್ಲಿ ನೀರು ನಿಂತೇ ಇರ್ತದ. ಫರ್ಸಿ ಎತ್ತಿದ್ರೂ ಅಷ್ಟೇ, ಎತ್ತದಿದ್ರೂ ಅಷ್ಟೇ.

ಸೂಪರ್ ಮಾರ್ಕೆಟ್ ಅಕ್ಕ: ಪೈಪ್ ಅಂದ್ರಲ್ಲ, ಯಾವ ಪೈಪ್? ಯುಜಿಡಿ (ಒಳಚರಂಡಿ) ಬ್ಯಾರೆ, ಮಳಿನೀರಿನ ಗಟಾರ ಬ್ಯಾರೆ. ಮಾಳಗಿ ಮೇಲಿನ ಮಳಿನೀರು ತಂದು ಯುಜಿಡಿ ಚೇಂಬರಿಗೆ ಬಿಡ್ತಾರ. ಮನಿ ಬಳಕೆ ನೀರಿಗೆ ಅಂತ ಲೆಕ್ಕ ಹಾಕಿದ ಪೈಪ್ ಅದು, ಜೋರು ಮಳಿ ತಡೀತದಾ? ಮ್ಯಾನ್‌ಹೋಲ್ ಮುಚ್ಚಳ ಮೇಲೆ ಏಳ್ತದ, ಹೊಲಸು ರಸ್ತೆಗೆ.

ಫರ್ಸಿ ಪ್ರೇಮಿ: ಅಂದ್ರ ಫರ್ಸಿ ನಿರಪರಾಧಿ. ಗೌಡ್ರು ಮಾತು ವಾಪಸ್ ತಗೋಬೇಕು.

ಗಂಜ್ ಗೌಡ: ಮುಂಗಾರಿಗಿ ಮುಂಚೆ ಹೂಳು ತೆಗದು ಗಟಾರದ ಅಂಚಿಗೇ ಗುಂಪಿ ಹಾಕ್ತಾರ. ಒಣಗಿದ ಮ್ಯಾಲ ಹೊರ್ತೀವಿ ಅಂತಾರ. ಮೊದಲ ಮಳಿಗಿ ಅದೇ ಗುಂಪಿ ಒಳಗ. ಇದಕ್ಕೂ ನಿಮ್ಮ ಫರ್ಸಿ ಸಾಕ್ಷಿ.

ಫರ್ಸಿ ಪ್ರೇಮಿ: ನೋಡ್ರಿ, ಜಾಣತನ ಮಾಡಬ್ಯಾಡ್ರಿ. ಒಮ್ಮೆ ಫರ್ಸಿ ಅಂತೀರಿ, ಒಮ್ಮೆ ಸಿಮೆಂಟ್, ಒಮ್ಮೆ ಹೂಳು. ಸಾಲು ಸಾಲು ಗಣಿ ಕೆಲಸದವ್ರು ಇದರ ಮ್ಯಾಲ ಉಣ್ತಾರ. ಆರ್‌ಸಿಸಿ ಸ್ಲ್ಯಾಬ್ ಮಾರೋರ ಏಜೆಂಟಾ ನೀವು?

ಎರಿಮಣ್ಣು: ಫರ್ಸಿ ಬಾಗಿದ್ರ ಮುರೀತದ, ಆರ್‌ಸಿಸಿ ಒಳಗ ಸರಳು ಇರ್ತದ. ನೀರಿನ ಟ್ಯಾಂಕರ್ ಹಿಂದಿನ ಗಾಲಿ ಹತ್ತಿದ್ರ ನಿಮ್ಮ ಕಲ್ಲು ಎರಡು ತುಂಡು, ಆ ತುಂಡು ಗಟಾರದಾಗೇ. ಇದು ಏಜೆಂಟ್ ಮಾತಲ್ಲ, ಗಾಲಿ ಮಾತು.

ಕಾಯ್ದೆ ಕಾಕಾ: ಸ್ವಲ್ಪ ಮೇಯರ್ ವಿಷಯಕ್ಕೆ ಬರೋಣ. 2021ರ ಸೆಪ್ಟೆಂಬರಿನಲ್ಲಿ ಕಲಬುರಗಿಯ 55 ವಾರ್ಡಿನ ಫಲಿತಾಂಶ ಬಂತು: ಕಾಂಗ್ರೆಸ್ 27, ಬಿಜೆಪಿ 23, ಜೆಡಿಎಸ್ 4, ಪಕ್ಷೇತರ 1. ಮೇಯರ್ ಆಯ್ಕೆಯಾದದ್ದು 2023ರ ಮಾರ್ಚಿನಲ್ಲಿ. ಸಂಸದ, ಶಾಸಕ, ಎಂಎಲ್‌ಸಿಗಳ ಮತವೂ ಸೇರಿ 23 ಇದ್ದ ಪಕ್ಷಕ್ಕೆ ಕುರ್ಚಿ ಹೋಯಿತು. ಒಂದೂವರೆ ವರ್ಷ ಮೇಯರೇ ಇಲ್ಲದ ಊರಲ್ಲಿ ಅವಧಿ ಎಷ್ಟಿರಬೇಕು ಅಂತ ಜಗಳ.

ಬೀದರ್ ಕ್ವಾಟಿ: "23 ಇದ್ದ ಪಕ್ಷಕ್ಕೆ" ಅಂತ ಹೊಟ್ಟಿಕಿಚ್ಚಾ ಕಾಕಾ? ಮತ ಹಾಕಾದು ಕಾಯ್ದೆ ಪ್ರಕಾರನೇ. ನೀವೇ ಕಾಯ್ದೆ ಕಾಕಾ.

ಯಾದಗಿರಿ ಹುಡುಗ: ನಮ್ಮ ಕಡಿ ಉದ್ದ ಅವಧಿ ಇಲ್ಲ ಅಂದವ್ರು ಕೇಳ್ರಿ. ಗುರುಮಠಕಲ್‌ನಿಂದ ಮಲ್ಲಿಕಾರ್ಜುನ ಖರ್ಗೆ 1972ರಿಂದ 2004ರ ತನಕ ಎಂಟು ಸಲ ಸತತ ಗೆದ್ದಾರ. ಜನ ಬಿಡ್ಲಿಲ್ಲ. ಬರೇ ಪಾಲಿಕೆಗೇ ಯಾಕ ಒಂದು ವರ್ಷದ ಬಾಡಿಗಿ ಕುರ್ಚಿ?

ಕಾಯ್ದೆ ಕಾಕಾ: ಶಾಸಕ ಬೇರೆ, ಮೇಯರ್ ಬೇರೆ.

ಯಾದಗಿರಿ ಹುಡುಗ: ಅಧ್ಯಕ್ಷ ಬ್ಯಾರೆ, ಶಾಸಕ ಬ್ಯಾರೆ. ಒಂದೇ ಇರೋದು ಏನದ ಹೇಳ್ರಿ?

ಸೂಪರ್ ಮಾರ್ಕೆಟ್ ಅಕ್ಕ: ಹತ್ತು ಅಂಗಡಿ ಮುಂದಿನ ಸಿಮೆಂಟ್ ಒಡಿಸ್ಬೇಕಂದ್ರ ಯಾರು ಒಡಿಸ್ತಾರ? ಕಾರ್ಪೊರೇಟರ್‌ಗೆ ಓಟಿನ ಹೆದ್ರಿಕಿ, ಆಯುಕ್ತರಿಗೆ ವರ್ಗದ ಹೆದ್ರಿಕಿ, ಮೇಯರ್‌ಗೆ ನೋಟಿಸ್ ಮುಟ್ಟೋದ್ರಾಗ ವರ್ಷ ಮುಗೀತು. ಆ ರೈಲಿಯ ಹೋಟೆಲ್ ವಿರುದ್ಧ ಹಳೇ ಕಟ್ಟಡ ಉಳಿಸೋರು ವರ್ಷಗಟ್ಲೆ ಕೋರ್ಟಿಗೆ ಎಳದ್ರು. ಅವ ಅಲ್ಲೇ ಕುಂತಿದ್ದ, ಕಟ್ಟಡದ ಎತ್ತರ ಇಳಿಸ್ದ, ಕಟ್ಟಿಸ್ದ.

ಗಂಜ್ ಗೌಡ: ಅಕ್ಕಾ, ನಾನು ಮೊದಲಿಂದ ಹೇಳ್ಲತ್ತಿದ್ದು ಇದನ್ನೇ.

ಸೂಪರ್ ಮಾರ್ಕೆಟ್ ಅಕ್ಕ: ನೀವು ಹೇಳಿದ್ದು ಪಾರ್ಕು. ನಾನು ಹೇಳಿದ್ದು ಕೋರ್ಟು.

ಫರ್ಸಿ ಪ್ರೇಮಿ: ಸಿಮೆಂಟ್ ಒಡಿಸ್ರಿ, ನಂದೇನೂ ಇಲ್ಲ. ಫರ್ಸಿ ಒಡದ್ರ ರೊಕ್ಕ ಯಾರು ಕೊಡ್ತಾರ, ಮೊದಲು ಅದು ಬರೀರಿ.